ಹಾಗಲಬಳ್ಳಿಯ ತುಳಸಿ ಬಾಟಲಿ

ಬಾಟಲಿಯಲ್ಲಿ ನೊಣ ತುಂಬಿದರೆ ಬಳ್ಳಿಯಲ್ಲಿ ಕಾಯಿ ಉಳಿಯುತ್ತದೆ. ಆ ಮಳೆಗಾಲ ಮೆಣಸೆ ಊರಿನಲ್ಲಿ ಎಲ್ಲರೂ ನಂಬಿದ್ದು ಇದನ್ನೇ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ನಾನು ಸುಲಭಕ್ಕೆ ಏನನ್ನೂ ನಂಬುವವನಲ್ಲ. ಆದರೂ ಅಲ್ಲಿ ಭಾವನ ಮನೆಗೆ ಹೋದಾಗಲೆಲ್ಲ ಬೆಚ್ಚಿಬೀಳುವಂಥದ್ದು ಏನಾದರೂ ಆಗಿಯೇ ಇರುತ್ತದೆ.

ಅತ್ತೆಯ ತಿದ್ದುಪಡಿ

ಭಾವ ಶೃಂಗೇರಿಯ ಒಂದು ಹೋಟೆಲಿಗೆ ಹಾಗಲಕಾಯಿ ಕೊಡುತ್ತಿದ್ದರು. ಹೆಚ್ಚುವಾಗ ಒಳಗೆ ಹುಳ ಸಿಕ್ಕಿತು. "ಇನ್ನೊಂದು ಸಲ ಹುಳ ಕಂಡರೆ ನಿಮ್ಮ ಕಾಯಿ ಬೇಡ" ಎಂದರು ಹೋಟೆಲಿನವರು. ಭಾವನಿಗಿದ್ದ ಗಿರಾಕಿ ಅವರೊಬ್ಬರೇ.

ಕಾಯಿಗೆ ಮೊಟ್ಟೆ ಇಡುವ ನೊಣವನ್ನು ತುಳಸಿಯ ವಾಸನೆಗೆ ಕರೆದು ಕೊಲ್ಲಬಹುದೆಂದು ಮೊಬೈಲಿನ ವಿಡಿಯೊ ಹೇಳಿತು. ಭಾವ ಬಾಟಲಿಗೆ ತೂತು ಕೊರೆದು, ಜಜ್ಜಿದ ತುಳಸಿ, ಒಂದಿಷ್ಟು ಕೀಟನಾಶಕ ಹಾಕಿ ಚಪ್ಪರಕ್ಕೆ ಕಟ್ಟಿದರು. ವಾರವಾದರೂ ಒಂದೂ ನೊಣ ಬೀಳಲಿಲ್ಲ. ನಾನು ಹೋಗಿ ನೋಡಿದರೆ ತೂತಿಗೆಲ್ಲ ಬಟ್ಟೆ ತುರುಕಿದೆ.

ತುರುಕಿದ್ದು ಅತ್ತೆ, ಭಾವನ ತಾಯಿ. "ತುಳಸಿ ಇಟ್ಟು ಜೀವ ತೆಗೆಯೋದಾ ಮಾರಾಯ? ಬಂದವು ಹೊರಗಿಂದಲೇ ವಾಸನೆ ತಗೊಂಡು ಹೋಗ್ಲಿ."

ಹೋಟೆಲಿನಲ್ಲಿ

ಬಟ್ಟೆ ತೆಗೆದ ಮೇಲೆ ಬಾಟಲಿ ತುಂಬಿತು. ನಿಜಕ್ಕೂ ತುಂಬಿತು. ಭಾವ ಅದನ್ನು ನೇರ ಹೋಟೆಲಿಗೆ ಒಯ್ದು, ಊಟದ ಹೊತ್ತಿಗೆ ಸರಿಯಾಗಿ, ಗಲ್ಲಾದ ಮೇಲೆ ಇಟ್ಟರು. ದುರದೃಷ್ಟಕ್ಕೆ ನಾನೂ ಜೊತೆಗಿದ್ದೆ.

"ಎಂತ ಇದು?" ಎಂದರು ಹೋಟೆಲಿನವರು.

"ನೊಣ."

"ಇಲ್ಲಿಗ್ಯಾಕೆ ತಂದ್ರಿ?"

"ಇವೆಲ್ಲ ನಿಮ್ಮ ಪಲ್ಯಕ್ಕೆ ಬರಬೇಕಾದವು," ಎಂದರು ಭಾವ, ಎಲ್ಲರಿಗೂ ಕೇಳುವಂತೆ.

ಪಕ್ಕದ ಮೇಜಿನವರು ಅರ್ಧ ಊಟಕ್ಕೇ ಎಲೆ ಮಡಿಚಿದರು.

ಬೇಲಿಯ ಆಚೆ

ಪಕ್ಕದ ಮನೆಯವರು ಜಗಳಕ್ಕೆ ಬಂದರು. "ವಾಸನೆ ಇಟ್ಟು ಊರ ನೊಣವನ್ನೆಲ್ಲ ಕರೀತಿದ್ದೀರಿ. ಅವು ಬರೋದು ನಮ್ಮ ಅಂಗಳ ದಾಟಿ."

"ನಿಮ್ಮಲ್ಲಿ ನಿಲ್ಲೋದಿಲ್ವಲ್ಲ," ಎಂದರು ಭಾವ.

"ಅದೇ ಹೇಳ್ತಿರೋದು. ನಮ್ಮಲ್ಲಿದ್ದವೂ ನಿಮ್ಮಲ್ಲಿಗೇ ಬಂದಿವೆ."

ನೊಣ ಕಳಕೊಂಡದ್ದಕ್ಕೆ ತಕರಾರು ಮಾಡಿದವರನ್ನು ನಾನು ಕಂಡದ್ದು ಅದೇ ಮೊದಲು.

ವಾಪಸ್ ಬಂದ ಬುಟ್ಟಿ

ಮುಂದಿನ ವಾರ ಹೋಟೆಲಿನಿಂದ ಹಾಗಲಕಾಯಿ ಬುಟ್ಟಿ ತಿರುಗಿ ಬಂತು. ಯಾವ ಕಾಯಿ ಸೀಳಿದರೂ ಹುಳ. ಇನ್ನು ತರಬೇಡಿ ಎಂದು ಫೋನೂ ಬಂತು.

"ಬಾಟಲಿ ತುಂಬಿದೆಯಲ್ಲ ಮಾರಾಯ," ಎನ್ನುತ್ತ ಭಾವ ಜಗಲಿಯಲ್ಲಿ ಕೂತೇಬಿಟ್ಟರು. "ಇನ್ನೆಷ್ಟು ಸಾಯಬೇಕು?"

ಅಷ್ಟರಲ್ಲಿ ಪಕ್ಕದ ಮನೆಯವರು ತಟ್ಟೆ ತುಂಬ ಪೇರಲೆ ಹಣ್ಣು ತಂದರು. ಮುಖದಲ್ಲಿ ಜಗಳವಿಲ್ಲ. "ವರ್ಷವೂ ನಮ್ಮ ಪೇರಲೆ ಹುಳ ಬಿದ್ದು ಉದುರಿ ಹೋಗ್ತಿತ್ತು. ಈ ಸಲ ಎಂತ ಮಾಡದೆಯೂ ಚೊಕ್ಕ ಹಣ್ಣು. ನಿಮ್ಮ ಹೋಟೆಲಿನವರೇ ಜ್ಯೂಸಿಗೆ ದಿನಾ ತಂದುಕೊಡಿ ಅಂದ್ರು."

ಭಾವ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ, ಮೊದಲೇ ಓದಬೇಕಿದ್ದನ್ನು ಆಗ ಓದಿದೆ.

ತುಳಸಿಯ ವಾಸನೆಗೆ ಬರುವುದು ಪೇರಲೆಯ ನೊಣ. ಹಾಗಲದ ನೊಣವೇ ಬೇರೆ.