ನಿರಾಶ್ರಿತರ ಒಂದು ಹುದ್ದೆ ಖಾಲಿ ಇದೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ನಿರಾಶ್ರಿತರ ತೀವ್ರ ಕೊರತೆ ಇದೆ ಎಂಬುದನ್ನು ಮೊದಲಿಗೇ ವಿಷಾದದಿಂದ ತಿಳಿಸಬೇಕಾಗಿದೆ. ಅವರಿಗೆ ಸಹಾಯ ಮಾಡುವ ಕಂಪನಿ ಇದೆ. ಕಂಪನಿಗೆ ರಾಯಾಪುರದಲ್ಲಿ ಎರಡಂತಸ್ತಿನ ಕಚೇರಿ ಇದೆ, ಕಚೇರಿಗೆ ಲಿಫ್ಟ್ ಇದೆ, ಲಿಫ್ಟಿನ ಗುಂಡಿ ಒತ್ತಲು ಒಬ್ಬ ಸಿಬ್ಬಂದಿಯೂ ಇದ್ದಾನೆ. ಸಹಾಯ ಪಡೆಯುವವರು ಮಾತ್ರ ಸಿಗುತ್ತಿಲ್ಲ.

ಕಂಪನಿಯ ಹೆಸರು ಕರುಣಾಸರೆ ಪ್ರೈವೇಟ್ ಲಿಮಿಟೆಡ್. ನಾನು ಅದರ ಆಯ್ಕೆ ವಿಭಾಗದ ಅಧೀಕ್ಷಕ. ಮಾಲೀಕರಾದ ಅಂಬರೀಷ ಸಾಹೇಬರು ಮೊದಲು ಬೋರ್‌ವೆಲ್ ಪೈಪು ಮಾರುತ್ತಿದ್ದರು. ಆಗ ಅವರ ಕೈಗೆ ಸಪ್ತಾಪುರದ ಪ್ರಭಾವತಿ ಮೇಡಂ ಬರೆದ ‘ಗುಹಾಮಾನವನ ಗೃಹಪ್ರವೇಶ’ ಎಂಬ ಪುಸ್ತಕ ಸಿಕ್ಕಿತು. ಮೇಡಂ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಮನುಷ್ಯ ಏಕೆ ಚಾಡಿ ಹೇಳುತ್ತಾನೆ, ಮದುವೆಯಲ್ಲಿ ಮೊದಲ ಪಂಕ್ತಿಗೇ ಏಕೆ ನುಗ್ಗುತ್ತಾನೆ ಎಂಬುದಕ್ಕೆಲ್ಲ ಅವರು ಅದರಲ್ಲಿ ಗುಹೆಯ ಕಾಲದ ಕಾರಣ ಕೊಟ್ಟಿದ್ದಾರೆ. ಲಾಭವಿಲ್ಲದೆ ಮನುಷ್ಯ ಅಪರಿಚಿತನಿಗೆ ಸಹಾಯ ಮಾಡುವುದಿಲ್ಲ ಎಂದು ಮೂರನೆಯ ಅಧ್ಯಾಯದಲ್ಲಿದೆ. ಹಾಗೆ ತಿಳಿಯುವುದು ತಪ್ಪು, ಅವನು ಧಾರಾಳವಾಗಿ ಮಾಡುತ್ತಾನೆ ಎಂದು ನಾಲ್ಕನೆಯ ಅಧ್ಯಾಯದಲ್ಲಿದೆ. ಸಾಹೇಬರು ಮೂರನೆಯ ಅಧ್ಯಾಯ ಮುಗಿಸಿದ ಕೂಡಲೇ ಕಂಪನಿ ನೋಂದಾಯಿಸಿದರು. ನಾಲ್ಕನೆಯದಕ್ಕೆ ಆಮೇಲೆ ಪುರುಸೊತ್ತಾಗಲಿಲ್ಲ.

ವ್ಯವಹಾರ ಸರಳವಾಗಿದೆ. ದೊಡ್ಡ ದೊಡ್ಡ ಕಾರ್ಖಾನೆಗಳು ಕರುಣೆ ತೋರಿಸಬೇಕು, ತೋರಿಸಿದ್ದಕ್ಕೆ ಫೋಟೋ ಬೇಕು. ನಾವು ಎರಡನ್ನೂ ಒದಗಿಸುತ್ತೇವೆ. ಹುಡುಕಿ ಹುಡುಕಿ ನಮಗೆ ಸಿಕ್ಕ ನಿರಾಶ್ರಿತೆ ಒಬ್ಬಳೇ. ಹೆಸರು ಜೋಯಾ. ಅಫ್ಘಾನಿಸ್ತಾನದಿಂದ ಧಾರವಾಡಕ್ಕೆ ಕೃಷಿ ವಿಜ್ಞಾನ ಓದಲು ಬಂದವಳು. ಓದು ಮುಗಿಯುವಷ್ಟರಲ್ಲಿ ಅಲ್ಲಿ ಸರ್ಕಾರ ಉರುಳಿತು, ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುವಂತಿಲ್ಲ ಎಂದಾಯಿತು, ಇವಳು ಇಲ್ಲೇ ಉಳಿದಳು. ಸಪ್ತಾಪುರದಲ್ಲಿ ಖಾನಾವಳಿ ನಡೆಸುವ ಸಾವಕ್ಕ ಅವಳಿಗೆ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಳು. ಸಾವಕ್ಕನ ಜೋಳದ ರೊಟ್ಟಿ ಮುಗಿದ ಮೇಲೆ ಅದೇ ಹಂಚಿನ ಮೇಲೆ ಜೋಯಾ ತನ್ನ ದೇಶದ ರೊಟ್ಟಿ ಸುಡುತ್ತಿದ್ದಳು. ಹಂಚಿನ ಮೇಲೆ ಅದು ಸರಿಯಾಗಿ ಉಬ್ಬುವುದಿಲ್ಲ, ಅದಕ್ಕೆ ತಂದೂರು ಒಲೆಯೇ ಬೇಕು. ಒಂದು ಒಲೆ, ಒಂದು ಮಳಿಗೆ ಸಿಕ್ಕರೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತೇನೆ ಎಂದು ಅವಳು ನಮಗೆ ಬರೆದುಕೊಟ್ಟಿದ್ದಳು. ಪುಣೆಯ ಕಾರ್ಖಾನೆಯೊಂದು ಅವಳ ಫೋಟೋ ನೋಡಿ ಒಲೆ ಕಳಿಸಿತು, ಮಳಿಗೆಯ ಬಾಡಿಗೆಯನ್ನೂ ಕಟ್ಟಿತು.

ಇಲ್ಲಿಯವರೆಗೆ ಎಲ್ಲವೂ ನಿಯಮಬಾಹಿರವಾಗಿತ್ತು. ಒಬ್ಬಳೇ ಇದ್ದಾಳೆಂದು ಅವಳಿಗೇ ಕೊಡುವುದು ಪಕ್ಷಪಾತ ಎಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದರು. ಮರುದಿನ ನಾವು ಪ್ರಕಟಣೆ ಹೊರಡಿಸಿದೆವು:

“ಅರ್ಜಿ ಆಹ್ವಾನ: ನಿರಾಶ್ರಿತರು, ಒಂದು ಸ್ಥಾನ. ಯಾವುದೇ ಪದವಿ ಪಡೆದಿರಬೇಕು. ಭಯದ ಕಾರಣಕ್ಕೆ ಸ್ವಸ್ಥಳ ಬಿಟ್ಟಿರಬೇಕು. ಆಯ್ಕೆಯಾದವರಿಗೆ ತಂದೂರು ಒಲೆ ಹಾಗೂ ಮಳಿಗೆ ನೀಡಲಾಗುವುದು. ಪರೀಕ್ಷೆಯ ಪಠ್ಯ: ಗುಹಾಮಾನವನ ಗೃಹಪ್ರವೇಶ, ಅಧ್ಯಾಯ ಮೂರು ಮಾತ್ರ. ದುಃಖಿತರಿಗೆ ಆದ್ಯತೆ. ಶಿಫಾರಸು ತಂದವರನ್ನು ಅನರ್ಹಗೊಳಿಸಲಾಗುವುದು, ತಾರದವರನ್ನು ಪರಿಗಣಿಸಲಾಗುವುದಿಲ್ಲ.”

ಸಪ್ತಾಪುರ ಎಂದರೆ ಗಲ್ಲಿಗೊಂದು ಕೋಚಿಂಗ್ ಕ್ಲಾಸು, ಕ್ಲಾಸಿಗೊಂದು ಖಾನಾವಳಿ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಓದುವ ಹುಡುಗರಿಂದ ಅಲ್ಲಿಯ ಕೋಣೆಗಳು ತುಂಬಿವೆ. ‘ಅರ್ಜಿ’ ಎಂಬ ಪದ ಎಲ್ಲಿ ಕಂಡರೂ ಮೊದಲು ಹಾಕಿಬಿಡುವುದು, ಹುದ್ದೆ ಯಾವುದೆಂದು ಆಮೇಲೆ ಕೇಳುವುದು ಅಲ್ಲಿಯ ಪದ್ಧತಿ. ಬೆಳಗಾಗುವಷ್ಟರಲ್ಲಿ ಸಾಲು ರಾಯಾಪುರದ ಹೆದ್ದಾರಿ ಮುಟ್ಟಿತ್ತು.

“ಸರ್, ಇದು ಗ್ರೂಪ್ ಸಿ ಏನ್ರಿ?” ಎಂದು ಕಿಟಕಿಯಲ್ಲಿ ಒಬ್ಬ ಕೇಳಿದ.

“ಅಲ್ಲಪಾ. ನಿರಾಶ್ರಿತ ಆಗೂದು.”

“ಪರ್ಮನೆಂಟ್ ಏನ್ರಿ?”

“ಸಾಮಾನ್ಯವಾಗಿ ಹಂಗ ಇರತೈತಿ.”

ಅವನು ಸಮಾಧಾನದಿಂದ ಸಹಿ ಹಾಕಿದ. ಆ ವಾರವೇ ನಾಲ್ಕಾರು ಕ್ಲಾಸುಗಳು ನಿರಾಶ್ರಿತ ಬ್ಯಾಚು ತೆರೆದವು. ಬೆಳಿಗ್ಗೆ ಮನುಷ್ಯ ಸ್ವಭಾವ, ಸಂಜೆ ಮುಖ ಇಳಿಸುವ ಅಭ್ಯಾಸ. ಪುಸ್ತಕದಿಂದ ಮೂರನೆಯ ಅಧ್ಯಾಯವನ್ನಷ್ಟೇ ಕತ್ತರಿಸಿ ಜೆರಾಕ್ಸ್ ಅಂಗಡಿಯವರು ಗೈಡು ಮಾಡಿ ಮಾರಿದರು.

ಜೋಯಾ ಸಾವಕ್ಕನ ಜೊತೆಗೆ ಬಂದಳು. “ಸರ್, ಒಲಿ ನನಗ ಬಂದಿದ್ದಲ್ರಿ?”

“ನಿನಗ ಬಂದಿದ್ದವಾ. ಆದ್ರ ನೀ ನಿರಾಶ್ರಿತಳಾಗಿ ಆಯ್ಕಿ ಆಗಬೇಕು.”

“ಪರೀಕ್ಷಾ ಯಾತರದ್ರಿ?” ಎಂದಳು ಸಾವಕ್ಕ. “ಆಕಿ ಮಾಡಿದ ರೊಟ್ಟಿ ತಿಂದು ನೋಡ್ರಿ, ಸಾಕು.”

ರೊಟ್ಟಿ ಪಠ್ಯಕ್ರಮದಲ್ಲಿಲ್ಲ ಎಂದು ನಾನು ವಿವರಿಸಿದೆ. ಸಾವಕ್ಕ ಆದರೂ ಒಂದು ರೊಟ್ಟಿಯನ್ನು ಮೇಜಿನ ಮೇಲಿಟ್ಟು ಹೋದಳು. ಅದನ್ನು ನಾನು ಕಡತಕ್ಕೆ ಸೇರಿಸುವ ಬದಲು ತಿಂದೆ. ಬಹಳ ಚೆನ್ನಾಗಿತ್ತು.

ಪರೀಕ್ಷೆ ಶಾಂತಿಯುತವಾಗಿ ನಡೆಯಿತು. ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಅಪರಿಚಿತನೊಬ್ಬ ಬಾಗಿಲಿಗೆ ಬಂದಾಗ ಮನುಷ್ಯ ಸ್ವಭಾವತಃ ಏನು ಮಾಡುತ್ತಾನೆ? ಓಡಿಸುತ್ತಾನೆ, ಅವಿತುಕೊಳ್ಳುತ್ತಾನೆ, ತನ್ನ ಲಾಭ ಎಣಿಸುತ್ತಾನೆ, ಚಹಾ ಕೊಡುತ್ತಾನೆ. ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಪರೀಕ್ಷೆ ಬರೆದ ಹುಡುಗರೆಲ್ಲ ಕಂಡವರ ಮನೆಯಲ್ಲಿ ಚಹಾ ಕುಡಿದೇ ದೊಡ್ಡವರಾದವರು. ಆದರೂ ಕೋಚಿಂಗ್ ಪಡೆದಿದ್ದರಿಂದ ಒಬ್ಬರೂ ಎಡವಲಿಲ್ಲ. ಲಾಭ ಎಣಿಸುತ್ತಾನೆ ಎಂಬುದಕ್ಕೇ ಗುರುತು ಹಾಕಿದರು. ಜೋಯಾ ಒಬ್ಬಳೇ ಚಹಾ ಎಂದು ಬರೆದಳು. ಕೇಳದಿದ್ದರೂ ಕೆಳಗೆ ಸಾವಕ್ಕನ ವಿಳಾಸ ಬರೆದಿದ್ದಳು.

ಸಂದರ್ಶನದಲ್ಲಿಯೂ ಅವಳು ಹಿಂದುಳಿದಳು. ಒಳಗೆ ಬಂದವಳೇ ನಕ್ಕು ನಮಸ್ಕಾರ ಮಾಡಿದಳು. ನಗುವಿಗೆ ಅಂಕ ಕಳೆಯುವ ನಿಯಮವಿದೆ. ಬೆಳಿಗ್ಗೆ ಏನು ತಿಂದೆ ಎಂದು ಸಾಹೇಬರು ಕೇಳಿದಾಗ, ಸಾವಕ್ಕ ಉಪ್ಪಿಟ್ಟು ಕೊಟ್ಟಳು ಎಂದು ಖರೇ ಹೇಳಿದಳು. ಅಂದರೆ ಅವಳು ಈಗಾಗಲೇ ಹೊರಗಿನವರಿಂದ ಅನಧಿಕೃತ ಸಹಾಯ ಪಡೆಯುತ್ತಿದ್ದಳು.

ಅವಳ ನಂತರ ಬಂದವನು ಇದೇ ಅವಳಿ ನಗರದ ಉಣಕಲ್ಲಿನ ಯಲ್ಲೇಶ. ಬಿ.ಎ. ಮುಗಿಸಿ ಸಪ್ತಾಪುರದಲ್ಲಿ ಕೋಣೆ ಹಿಡಿದವನು. ನೆಲ ನೋಡುತ್ತಲೇ ಒಳಗೆ ಬಂದ.

“ಸ್ವಂತ ಸ್ಥಳ ಯಾಕ ಬಿಟ್ಟಿ?” ಎಂದು ಸಾಹೇಬರು ಕೇಳಿದರು.

“ಅಂಜಿಕಿಗೆ ಬಿಟ್ಟೇನ್ರಿ. ಮನ್ಯಾಗ ಕಾಲಿಟ್ಟರ ಸಾಕು, ನಮ್ಮಪ್ಪ ‘ನೌಕ್ರಿ ಏನಾತು’ ಅಂತ ಕೇಳ್ತಾನ್ರಿ.”

“ವಾಪಸ್ ಹೋದರ ಏನಾಗತೈತಿ?”

“ಮತ್ತ ಕೇಳ್ತಾನ್ರಿ,” ಎಂದು ಯಲ್ಲೇಶ ಕಣ್ಣೊರೆಸಿಕೊಂಡ.

ಸಂದರ್ಶನ ಮಂಡಳಿಯ ಸದಸ್ಯರೆಲ್ಲರಿಗೂ ಅಪ್ಪಂದಿರಿದ್ದರು. ಯಲ್ಲೇಶ ಪ್ರಥಮ ಸ್ಥಾನದಲ್ಲಿ ಆಯ್ಕೆಯಾದ. ಜೋಯಾ ನಿರಾಶ್ರಿತೆಯಲ್ಲ ಎಂದು ಅವಳಿಗೆ ಲಿಖಿತವಾಗಿ ತಿಳಿಸಲಾಯಿತು.

ಅವಳು ಆ ಪತ್ರ ಹಿಡಿದು ಪ್ರಭಾವತಿ ಮೇಡಂ ಬಳಿಗೆ ಹೋದಳು. ಮೇಡಂ ಅವತ್ತೇ ಆಟೋ ಹಿಡಿದು ರಾಯಾಪುರಕ್ಕೆ ಬಂದರು.

“ಈ ಹುಡುಗಿ ಬರದಿದ್ದು ಸರಿ ಐತ್ರಿ. ನಾಲ್ಕನೇ ಅಧ್ಯಾಯದಾಗ ನಾನ ಬರದೇನಿ.”

“ಬರದೀರಿ ಮೇಡಂ, ನಾವು ಇಲ್ಲ ಅನ್ನಂಗಿಲ್ಲ,” ಎಂದರು ಸಾಹೇಬರು. “ಆದ್ರ ಅದು ಪೋರ್ಷನ್‌ದಾಗ ಇಲ್ಲಲ್ರಿ.”

“ಪುಸ್ತಕ ನಂದ ಐತಿ.”

“ಪುಸ್ತಕ ನಿಮ್ಮದು, ಸಿಲಬಸ್ ನಮ್ಮದು. ಚಾ ಕುಡೀರಿ.”

ಮೇಡಂ ಚಹಾ ಕುಡಿದರು, ಬೇಡ ಎಂದ ಜೋಯಾಳಿಗೂ ಕುಡಿಸಿದರು. ಲೋಟ ಕೆಳಗಿಟ್ಟು ಜೋಯಾ ಕಣ್ಣೊರೆಸಿಕೊಂಡಳು. ಸಂದರ್ಶನದ ದಿನ ಹಾಗೆ ಒರೆಸಿಕೊಂಡಿದ್ದರೆ ಅಂಕ ಸಿಗುತ್ತಿತ್ತು. ನನಗೆ ನಾಚಿಕೆಯಾಯಿತು. ಆದರೆ ಅದು ಕಚೇರಿಯ ವೇಳೆಯಾಗಿತ್ತು.

ಮಳಿಗೆಯ ಉದ್ಘಾಟನೆಯಂದು ಯಲ್ಲೇಶ ಒಲೆ ಹೊತ್ತಿಸಿದ, ಅರ್ಧ ಮೀಸೆ ಸುಟ್ಟುಕೊಂಡ. ಒಲೆಯ ಒಳಗೋಡೆಗೆ ಅಂಟಿಸಿದ ರೊಟ್ಟಿಗಳೆಲ್ಲ ಒಂದೊಂದಾಗಿ ಕೆಂಡಕ್ಕೆ ಬಿದ್ದವು. ಒಲೆಯನ್ನು ಬೇರೆಯವರಿಗೆ ಪರಭಾರೆ ಮಾಡಲು ಅವಕಾಶವಿಲ್ಲ, ಆದರೆ ಕೂಲಿಗೆ ಆಳು ಇಟ್ಟುಕೊಳ್ಳಬಹುದು. ಅವನು ನೇರ ಖಾನಾವಳಿಗೆ ಹೋದ.

“ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಕೆಲಸಕ್ಕ ಬರ್ತೀರೇನ್ರಿ?”

ಜೋಯಾ ಬಹಳ ಹೊತ್ತು ಅವನ ಉಳಿದ ಮೀಸೆ ನೋಡಿದಳು. “ಹಿಟ್ಟು ನಾದಾಕ ಬರತೈತೇನು ನಿನಗ?”

“ಇಲ್ರಿ.”

“ಹಂಗಾರ ಹೊರಗ ಕುಂದರು. ಒಲಿ ಹತ್ರ ಬರಬ್ಯಾಡ.”

ಅಂದಿನಿಂದ ಜೋಯಾ ಒಳಗೆ ರೊಟ್ಟಿ ಸುಡುತ್ತಾಳೆ, ಯಲ್ಲೇಶ ಹೊರಗೆ ನಿರಾಶ್ರಿತನಾಗಿ ಕೂಡುತ್ತಾನೆ. ಸಂಜೆಯಾದರೆ ಸಾಲು ನಿಲ್ಲುತ್ತದೆ.

ಕಂಪನಿಯ ವಾರ್ಷಿಕೋತ್ಸವ ಹುಬ್ಬಳ್ಳಿಯಲ್ಲಿ ನಡೆಯಿತು. ವಿದೇಶಿ ಮಹಿಳೆಯೊಬ್ಬಳಿಗೆ ಉದ್ಯೋಗ ಕೊಟ್ಟ ಮೊದಲ ನಿರಾಶ್ರಿತನೆಂದು ಯಲ್ಲೇಶನಿಗೆ ಶಾಲು ಹೊದಿಸಿದರು. ಊಟಕ್ಕೆ ರೊಟ್ಟಿ ತಂದಿದ್ದ ಜೋಯಾಳನ್ನು ಸಾಹೇಬರು ವೇದಿಕೆಗೆ ಕರೆದು, ಮಳಿಗೆಯ ಮಾಲೀಕರ ಬಗ್ಗೆ ನಾಲ್ಕು ಮಾತು ಹೇಳು ಎಂದು ಮೈಕು ಕೊಟ್ಟರು.

“ಯಲ್ಲೇಶ ಬಾಳ ತ್ರಾಸಿನಾಗಿಂದ ಬಂದಾನ್ರಿ,” ಎಂದಳು ಅವಳು. “ಉಣಕಲ್‌ದಿಂದ ಬಂದಾನ. ಇಲ್ಲೆ ಅವಗ ಯಾರೂ ಇಲ್ಲ. ನನ್ನ ಕೈಲಾದಷ್ಟು ಸಹಾಯ ಮಾಡಾಕತ್ತೇನ್ರಿ.”

ಯಾರೂ ನಗಲಿಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೊದಲ ಸಾಲಿನಲ್ಲಿದ್ದ ಯಲ್ಲೇಶನ ಅಪ್ಪ ವೇದಿಕೆಯ ಹತ್ತಿರ ಬಂದು ಅವಳಿಗೆ ಕೈಮುಗಿದ. “ಕಡೀಕ ನಮ್ಮ ಹುಡುಗಗ ಒಂದು ನೆಲಿ ಆತವಾ. ಅವನ್ನ ನಿನ್ನ ಉಡಿಯಾಗ ಹಾಕೇನಿ.”

“ಚಿಂತಿ ಮಾಡಬ್ಯಾಡ್ರಿ ಕಾಕಾ,” ಎಂದಳು ಜೋಯಾ. “ನಾ ಅದೇನಿ. ಉಂಡು ಹೋಗ್ರಿ.”

ಕೆಲಸದ ವೇಳೆಯಲ್ಲಿ ಸಮಾರಂಭಕ್ಕೆ ಬಂದದ್ದರಿಂದ ಜೋಯಾಳ ಅರ್ಧ ದಿನದ ಪಗಾರವನ್ನು ಕಡಿತಗೊಳಿಸಲಾಯಿತು. ನಿಯಮ ಹಾಗಿದೆ, ಅವಳೂ ಒಪ್ಪಿದ್ದಾಳೆ.