ಹುಲಿಗೆಮ್ಮನ ಹಾಕಿಯೂ ನನ್ನ ಮೈಕೂ

ಮೈಕು ಹಿಡಿದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನಮ್ಮ ಕಡೆಯ ಜನ ಗಟ್ಟಿಯಾಗಿ ನಂಬಿದ್ದಾರೆ. ಮದುವೆ ಮನೆಯಲ್ಲಿ ‘ಎರಡನೇ ಪಂಕ್ತಿಯವರು ಊಟಕ್ಕೆ ಬರಬೇಕು’ ಎಂದು ಕೂಗಿದವನನ್ನೇ ಹುಡುಕಿಕೊಂಡು ಹೋಗಿ, ವರ ಏನು ಕೆಲಸ ಮಾಡುತ್ತಾನೆ, ಸ್ವಭಾವ ಹೇಗೆ ಎಂದು ವಿಚಾರಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಪಾಡೂ ಇದೇ. ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಹಾಕಿ ಸ್ಟಿಕ್ಕನ್ನು ಕೈಯಲ್ಲಿ ಹಿಡಿದದ್ದು ಒಂದೇ ಸಲ, ಅದೂ ಸ್ಟಾಫ್ ರೂಮಿಗೆ ಹಾವು ಬಂದಾಗ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು, ಎಲ್ಲಿ ಹಾಕಿ ಪಂದ್ಯ ನಡೆದರೂ ವೀಕ್ಷಕ ವಿವರಣೆಗೆ ನಾನೇ ಆಗಬೇಕು. ನನಗೆ ಏದುಸಿರಿಲ್ಲದೆ ಮಾತಾಡಲು ಬರುತ್ತದೆ, ಅಷ್ಟೇ ನನ್ನ ಯೋಗ್ಯತೆ. ಒಮ್ಮೆ ಕರೆಂಟು ಹೋಗಿ ಮೈಕು ಸತ್ತರೂ ನಾನು ಪಂದ್ಯ ಮುಗಿಯುವವರೆಗೆ ಮಾತಾಡುತ್ತಲೇ ಇದ್ದೆನಂತೆ. ಇದನ್ನು ನನ್ನ ಹೆಂಡತಿ ಶಾರದಾ ಬಂದವರಿಗೆಲ್ಲ ಚಹಾದ ಜೊತೆ ಹೇಳುತ್ತಾಳೆ. ಮನೆಯಲ್ಲಿ ಕರೆಂಟು ಹೋದಾಗಲೂ ಅಷ್ಟೇ, ‘ಇವ್ರೊಬ್ರು ಹೋಗಂಗಿಲ್ ನೋಡ್ರಿ’ ಅನ್ನುತ್ತಾಳೆ.

ಇಂಥ ನನ್ನ ತಲೆಯ ಮೇಲೆ ಒಂದು ಹುಡುಗಿಯ ಬಾಳಿನ ಫೈಸಲಾ ಬಂದು ಕೂತಿತು. ಹುಡುಗಿಯ ಹೆಸರು ಹುಲಿಗೆಮ್ಮ, ಊರು ಗುರುಗುಂಟಾ. ಅವಳಿಗೆ ಹಾಕಿ ಕಲಿಸಿದವನು ಮಸ್ಕಿಯ ನನ್ನ ಗೆಳೆಯ ವೀರೇಶ, ದೈಹಿಕ ಶಿಕ್ಷಣದ ಮಾಸ್ತರ. ದೊಡ್ಡ ಊರಿನ ಒಂದು ವೃತ್ತಿಪರ ತಂಡದವರು ಅವಳ ಆಟದ ವಿಡಿಯೋ ನೋಡಿ ಕರೆ ಕಳಿಸಿದ್ದರು. ಬಂದರೆ ಸಂಬಳ, ಊಟ, ವಸತಿ ಎಲ್ಲ ಅವರದೇ. ಬರುವುದಾದರೆ ಸೋಮವಾರದೊಳಗೆ ಹೇಳಬೇಕು. ಅವಳ ಅಪ್ಪ ಯಂಕಪ್ಪ ಕರೆಂಟಿನ ಲೈನ್‌ಮನ್. ಕಂಬ ಹತ್ತುವ ಮುಂಚೆ ಲೈನು ಬಂದ್ ಆಗಿದೆಯೋ ಇಲ್ಲವೋ ಎಂದು ಇನ್ನೊಬ್ಬನಿಂದ ಖಾತ್ರಿ ಮಾಡಿಸಿಕೊಳ್ಳುವ ಮನುಷ್ಯ. ಮಗಳ ವಿಷಯದಲ್ಲೂ ಅದನ್ನೇ ಮಾಡಿದ. ಅವಳು ಹೋಗುವುದಕ್ಕೆ ತನ್ನ ತಕರಾರಿಲ್ಲ, ಆದರೆ ಬಲಿಯದೆ ಹೋಗಿ ಅಲ್ಲಿ ಬೆಂಚು ಕಾಯ್ದು ಮುಖ ಸಣ್ಣ ಮಾಡಿಕೊಂಡು ವಾಪಸು ಬರಬಾರದು. ವೀರೇಶ ಮಾಸ್ತರ ಹೇಳಿದರೆ ನಂಬಲಾರೆ, ಅವರಿಗೆ ಹುಡುಗಿ ಮೇಲೆ ಮಾಯೆ. ತಿಳಿದವರು ಯಾರಾದರೂ ಬಂದು ನೋಡಿ ಹೂಂ ಅನ್ನಲಿ ಎಂದ. ಆ ತಿಳಿದವರು ಯಾರು ಎಂದು ಕೇಳಿದ್ದಕ್ಕೆ, ‘ಮೈಕಿನ್ಯಾಗ ಹೇಳ್ತಾರಲ್ರಿ, ಆ ಸರ’ ಅಂದನಂತೆ.

ನಾನು ಮೊದಲು ಒಲ್ಲೆ ಅಂದೆ. ಎರಡನೇ ಸಲ ಕೇಳುವವರೆಗೆ ಒಲ್ಲೆ ಅನ್ನುವುದು ನನ್ನ ಪದ್ಧತಿ. ಆಮೇಲೆ ರಾತ್ರಿ ಮಲಗಿದರೆ ನಿದ್ದೆ ಬರಲಿಲ್ಲ. ಒಬ್ಬ ಆಟಗಾರ್ತಿ ತಯಾರಾಗಿದ್ದಾಳೋ ಇಲ್ಲವೋ ಎಂದು ಹೇಗೆ ನೋಡುವುದು? ನಮ್ಮ ಓಣಿಯ ದಲಾಲಿ ಶರಣಪ್ಪ ಭತ್ತದ ಒಂದು ಕಾಳು ಬಾಯಿಗೆ ಹಾಕಿ ಕಟಕ್ಕನೆ ಕಡಿದು, ಇನ್ನೂ ನಾಲ್ಕು ಬಿಸಿಲು ಬೇಕು ಎಂದು ಹೇಳಿಬಿಡುತ್ತಾನೆ. ಕಲ್ಲಂಗಡಿಯನ್ನು ಬಡಿದು ನೋಡಬಹುದು. ಎತ್ತಿಗೆ ಹಲ್ಲು ಎಣಿಸಬಹುದು. ಹಾಕಿ ಆಡುವ ಹುಡುಗಿಗೆ ಏನು ಮಾಡಬೇಕು? ಶಾರದಾಳನ್ನು ಎಬ್ಬಿಸಿ ಕೇಳಿದೆ. ಸುಮ್ಮನೆ ಬಾಯಿ ಮುಚ್ಚಿಕೊಂಡು ಆಟ ನೋಡಿ ಬರ್ರಿ ಎಂದು ಆ ಕಡೆ ಹೊರಳಿದಳು. ಅದರಲ್ಲಿ ಎರಡು ಕೆಲಸಗಳಿದ್ದವು, ಮೊದಲನೆಯದು ನನ್ನ ಕೈಲಾಗುವಂಥದ್ದಲ್ಲ.

ಭಾನುವಾರ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ವೀರೇಶ ಹತ್ತಿಕೊಂಡ. ದಾರಿಯುದ್ದಕ್ಕೂ ಹುಲಿಗೆಮ್ಮನ ಗುಣಗಾನ. ನಡು ಮೈದಾನದಲ್ಲಿ ಆಡುತ್ತಾಳೆ, ಚೆಂಡು ಕಸಿದುಕೊಳ್ಳುವುದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ, ಇತ್ಯಾದಿ. ಅವಳಲ್ಲಿ ಕೊರತೆ ಏನೂ ಇಲ್ಲವೇ ಎಂದು ಕೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತ, ‘ಒಂದ್ ಚಟ ಐತಿ, ನೀನ ನೋಡ್ತೀಯಲ್ಲ’ ಅಂದ.

ಲಿಂಗಸುಗೂರಿನ ಮೈದಾನದಲ್ಲಿ ಅಂದು ಅವಳ ತಂಡಕ್ಕೂ ಸಿಂಧನೂರಿನವರಿಗೂ ಪಂದ್ಯ. ಸಂಘಟಕರು ನನ್ನನ್ನು ಕಂಡದ್ದೇ ತಡ ಕೈಗೆ ಮೈಕು ಕೊಟ್ಟರು. ಬೇಡ, ಇವತ್ತು ನಾನು ನೋಡಲು ಬಂದವನು ಅಂದೆ. ಎರಡನೇ ಸಲ ಕೊಟ್ಟರು, ತಗೊಂಡೆ. ಪಂದ್ಯ ಶುರುವಾಯಿತು. ಹುಲಿಗೆಮ್ಮ ಸಪೂರ ಹುಡುಗಿ, ಬಿಗಿಯಾಗಿ ಹೆಣೆದ ಜಡೆ, ಓಡಿದರೆ ಕಣ್ಣಿಗೆ ನಿಲುಕುವುದಿಲ್ಲ. ಸ್ವಲ್ಪ ಹೊತ್ತಿಗೆ ಎದುರಾಳಿಯಿಂದ ಚೆಂಡು ಕಸಿಯಲು ಹೋದಾಗ ಅವಳ ಪಾದ ಆ ಹುಡುಗಿಯ ಕಾಲಿಗೆ ತಾಗಿತು. ಕೂಡಲೇ ಹುಲಿಗೆಮ್ಮ ಬಗ್ಗಿ, ಆಕೆಯ ಕಾಲನ್ನು ಬೆರಳ ತುದಿಯಿಂದ ಮುಟ್ಟಿ, ಆ ಕೈಯನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು.

ನಮ್ಮ ಕಡೆ ಇದನ್ನು ಯಾರೂ ಕಲಿಸುವುದಿಲ್ಲ, ಹಾಲಿನ ಜೊತೆಗೇ ಬಂದುಬಿಡುತ್ತದೆ. ಬಸ್ಸಿನಲ್ಲಿ ಪಕ್ಕದವರಿಗೆ ಕಾಲು ತಾಗಿದರೆ, ಪುಸ್ತಕ ತುಳಿದರೆ, ಮೊರ ಎಡವಿದರೆ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲೇಬೇಕು. ಆದರೆ ಹಾಕಿಯಲ್ಲಿ? ಅಲ್ಲಿ ಕಾಲು ತಾಗುವುದೇ ಕಸುಬು. ನಾನು ಮೈಕಿನಲ್ಲಿ ಈ ದೃಶ್ಯವನ್ನು ವರ್ಣಿಸತೊಡಗಿದೆ. ನಮ್ಮ ಸಂಸ್ಕಾರ, ನಮ್ಮ ಹಿರಿಯರು, ತಾಯಂದಿರ ಮಡಿಲು ಎಂದು ಎಲ್ಲೆಲ್ಲಿಗೋ ಹೋಗಿ ವಾಪಸು ಬರುವಷ್ಟರಲ್ಲಿ ಸಿಂಧನೂರಿನವರು ಗೋಲು ಹೊಡೆದು ಕುಣಿಯುತ್ತಿದ್ದರು. ಈ ಹುಡುಗಿ ಬಗ್ಗಿದ್ದಕ್ಕೇ ಗೋಲು ಹೋಯಿತಲ್ಲ, ದೊಡ್ಡ ಊರಿನವರು ಇದನ್ನು ಒಂದು ದಿನ ಸಹಿಸಿಯಾರೇ? ಅಲ್ಲಿಗೆ ನನ್ನ ಫೈಸಲಾ ಮುಗಿಯಿತು. ಆಮೇಲಿನ ಆಟವನ್ನು ನಾನು ಮನಸ್ಸಿಟ್ಟು ನೋಡಲಿಲ್ಲ, ಆದರೆ ಅದರ ಬಗ್ಗೆ ನಿರರ್ಗಳವಾಗಿ ಮಾತಾಡಿದೆ.

ಸಂಜೆ ಗುರುಗುಂಟಾದ ಅವರ ಮನೆಗೆ ಹೋದೆವು. ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಅವಳ ತಾಯಿ ಈರಮ್ಮ ಮಂಡಾಳ ಒಗ್ಗರಣೆ, ಮಿರ್ಚಿ ತಂದಿಟ್ಟಳು. ಕನ್ಯೆ ನೋಡಲು ಬಂದವರೆಂದು ತಿಳಿದು ಪಕ್ಕದ ಮನೆಯ ಮುದುಕಿ ಒಮ್ಮೆ ಇಣುಕಿ, ವರ ಯಾರು ಎಂಬಂತೆ ನನ್ನನ್ನೂ ವೀರೇಶನನ್ನೂ ನೋಡಿ ಬೇಜಾರಾಗಿ ಹೊರಟುಹೋದಳು. ಹುಲಿಗೆಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಕೈಯಲ್ಲಿದ್ದ ಸ್ಟಿಕ್ಕನ್ನು ಗೋಡೆಗೆ ಆನಿಸಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳಿಗೆ ಹೋಗುವ ಆಸೆ ಎಷ್ಟಿತ್ತೆಂದರೆ, ಅದನ್ನು ನೋಡಿ ನಾನು ಕೈಗೆತ್ತಿಕೊಂಡ ಮಿರ್ಚಿಯನ್ನು ತಟ್ಟೆಗೇ ವಾಪಸಿಟ್ಟೆ. ಆದರೂ ಹೇಳಬೇಕಾದದ್ದನ್ನು ಹೇಳಲೇಬೇಕಲ್ಲ.

ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಆಟ ಚೆನ್ನಾಗಿದೆ, ಓಟ ಚೆನ್ನಾಗಿದೆ, ಆದರೆ ವೃತ್ತಿ ಎಂದರೆ ಬೇರೆ ಮಾತು, ಅಲ್ಲಿ ಕ್ಷಣಕ್ಕೆ ಬೆಲೆ, ಈ ಮುಟ್ಟಿ ನಮಸ್ಕರಿಸುವ ಚಟ ಹೋಗುವವರೆಗೆ ಇನ್ನೊಂದು ವರ್ಷ ಇಲ್ಲೇ ಆಡಲಿ. ಯಂಕಪ್ಪ ತಲೆ ತಗ್ಗಿಸಿ ಹೂಂ ಹೂಂ ಅನ್ನುತ್ತಿದ್ದ. ಈರಮ್ಮ ಸೆರಗಿನ ತುದಿಯನ್ನು ಸುತ್ತುತ್ತ ಕೂತಳು. ಮಾತಿನ ಓಘದಲ್ಲಿ ನಾನು ಎದ್ದು ನಿಂತೆ. ಕೂತು ಮಾತಾಡಿದರೆ ನನಗೆ ದನಿ ಏಳುವುದಿಲ್ಲ. ಏಳುವಾಗ ನನ್ನ ಕಾಲು ತಾಗಿ ಗೋಡೆಗಿದ್ದ ಅವಳ ಸ್ಟಿಕ್ಕು ನೆಲಕ್ಕೆ ಬಿತ್ತು. ‘ಈ ಚಟ ಬಿಡ್ಬೇಕು, ಆಟಕ್ಕ ನಿಂತಮ್ಯಾಲೆ ಆಟ ಒಂದ ಮುಖ್ಯ’ ಎಂದು ಹೇಳುತ್ತಿದ್ದಂತೆಯೇ ನಾನು ಬಗ್ಗಿ, ಸ್ಟಿಕ್ಕನ್ನು ಮುಟ್ಟಿ, ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮಾತು ಮುಂದುವರಿಸಿದೆ.

ಎಲ್ಲರೂ ನನ್ನ ಕೈಯನ್ನೇ ನೋಡತೊಡಗಿದರು. ನನಗೆ ಏನಾಯಿತೆಂದು ತಿಳಿಯಲಿಲ್ಲ. ವೀರೇಶ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡಿದ್ದ. ಆಗ ಹುಲಿಗೆಮ್ಮ ಮೊದಲ ಸಲ ಬಾಯಿ ಬಿಟ್ಟಳು.

‘ಸರ, ಈಗ ನೀವು ಬಗ್ಗಿ ನನ್ನ ಸ್ಟಿಕ್ ಮುಟ್ಟಿದ್ರಿ. ಮಾತು ನಿಲ್ಲಿಸಿದ್ರೇನ್ರಿ?’

ಇಲ್ಲ ಅಂದೆ. ನಿಲ್ಲಿಸಿರಲಿಲ್ಲ.

‘ನಾನೂ ಆಟ ನಿಲ್ಸಂಗಿಲ್ರಿ. ಚೆಂಡು ನನ್ನಿಂದ ದಾಟಿದ ಮ್ಯಾಲೇನ ಬಗ್ತೀನ್ರಿ. ಇವತ್ತೂ ಚೆಂಡು ಕಸ್ಗೊಂಡು, ಆ ಕಡೆ ಕೊಟ್ಟು, ಆಮ್ಯಾಲೆ ಮುಟ್ಟೀನ್ರಿ.’

ವೀರೇಶನ ಮುಖ ನೋಡಿದೆ. ಅವನು ಟವೆಲ್ ತೆಗೆದು, ಅವಳು ಕೊಟ್ಟ ಚೆಂಡನ್ನು ಮುಂದಿನ ಹುಡುಗಿ ಕಳೆದುಕೊಂಡಳು, ಗೋಲು ಹೋದದ್ದು ಅದಕ್ಕೆ, ಅದನ್ನು ತಡೆಯಲು ಅರ್ಧ ಮೈದಾನ ವಾಪಸು ಓಡಿ ಬಂದವಳೂ ಹುಲಿಗೆಮ್ಮನೇ ಎಂದು ಹೇಳಿದ. ಮತ್ತೆ ಯಾಕೋ ಆಗಲೇ ಹೇಳಲಿಲ್ಲ ಎಂದು ಸಿಟ್ಟಿಗೆದ್ದು ಕೇಳಿದೆ. ‘ನೀ ಮೈಕ್ ಬಿಟ್ರಲ್ಲೇನು’ ಅಂದ. ಬಸ್ಸಿನಲ್ಲಿ ಅವನೇ ಚಟ ಎಂದು ನನ್ನ ಕಿವಿಗೆ ಹಾಕಿದ್ದನ್ನು ನೆನಪಿಸಿದೆ. ಚಟ ಅಂದೆ, ಕೊರತೆ ಅನ್ನಲಿಲ್ಲ ಎಂದು ಜಾರಿಕೊಂಡ.

ನನಗೆ ನಿಜಕ್ಕೂ ನಾಚಿಕೆಯಾಯಿತು. ಒಂದು ವರ್ಷ ಎಂದು ಎಷ್ಟು ಸಲೀಸಾಗಿ ಅಂದುಬಿಟ್ಟಿದ್ದೆ. ಆಡುವವರಿಗೆ ಒಂದು ವರ್ಷ ಎಂದರೆ ಏನೆಂದು ಮಾತಾಡುವವರಿಗೆ ಗೊತ್ತಿರುವುದಿಲ್ಲ. ನಾನು ನೋಡಿದ್ದು ಅವಳು ಬಗ್ಗಿದ್ದನ್ನು ಮಾತ್ರ, ಚೆಂಡನ್ನಲ್ಲ. ಯಂಕಪ್ಪನ ಕಡೆ ತಿರುಗಿ, ನಿನ್ನ ಮಗಳು ತಯಾರಿದ್ದಾಳೆ, ನಾಳೆಯೇ ಹೂಂ ಅನ್ನು ಎಂದು ಹೇಳಿದೆ. ಅವನು ಎರಡನೇ ಸಲ ಖಾತ್ರಿ ಮಾಡಿಕೊಂಡ. ಎರಡನೇ ಸಲವೂ ಅದನ್ನೇ ಹೇಳಿದೆ. ನನ್ನ ಬಾಳಿನಲ್ಲಿ ನಾನು ಮಾಡಿದ ಅತಿ ಚಿಕ್ಕ ಭಾಷಣ ಅದು. ಈರಮ್ಮ ಒಳಗಿನಿಂದ ಸಕ್ಕರೆ ತಂದು ಎಲ್ಲರ ಅಂಗೈಗೂ ಹಾಕಿದಳು, ಹುಲಿಗೆಮ್ಮ ತನ್ನ ಪಾಲಿನದನ್ನು ತಿನ್ನುವುದನ್ನೇ ಮರೆತು ನಿಂತಿದ್ದಳು.

ಅವಳು ಹೋದಳು. ಮೊದಲ ಕೆಲವು ಪಂದ್ಯ ಬೆಂಚಿನ ಮೇಲೆ ಕೂತಳು, ಯಂಕಪ್ಪ ಫೋನು ಮಾಡಿದಾಗಲೆಲ್ಲ ನನ್ನ ಜೀವ ಕೈಗೆ ಬರುತ್ತಿತ್ತು. ಆಮೇಲೆ ಒಂದು ಸಂಜೆ ಅವಳನ್ನು ಮೈದಾನಕ್ಕೆ ಇಳಿಸಿದರು. ನಾನೂ ಶಾರದಾಳೂ ಟಿವಿ ಮುಂದೆ ಕೂತಿದ್ದೆವು. ಎದುರಾಳಿಗೆ ಕಾಲು ತಾಗಿತು, ನಮ್ಮ ಹುಡುಗಿ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಟಿವಿಯ ವೀಕ್ಷಕ ವಿವರಣೆಗಾರನಿಗೆ ಸ್ವರ್ಗವೇ ಸಿಕ್ಕಂತಾಯಿತು. ಸಂಸ್ಕಾರ, ಹಿರಿಯರು ಎಂದು ಶುರು ಹಚ್ಚಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, ಲೇ ಮಾರಾಯ, ಬಾಯಿ ಮುಚ್ಚಿ ಚೆಂಡು ಎಲ್ಲಿದೆ ನೋಡು, ನಿನ್ನಂಥವರಿಂದಲೇ ಮಕ್ಕಳ ಬಾಳು ಹಾಳಾಗುವುದು, ಮೈಕು ಸಿಕ್ಕಿತೆಂದು ಬಾಯಿಗೆ ಬಂದದ್ದು ಒದರುವುದಲ್ಲ ಎಂದು ಅವನ ಜನ್ಮ ಜಾಲಾಡಿದೆ. ಅವನೂ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಹುಲಿಗೆಮ್ಮ ಗೋಲು ಹೊಡೆದಿದ್ದಳು. ಅವನು ನೋಡಲಿಲ್ಲ, ನಾನೂ ನೋಡಲಿಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದ ಶಾರದಾ ನೋಡಿದಳು.