ವಾಲಿದ ಗೋಡೆ, ಗುದ್ದಲಿ ಸೈನ್ಯ

ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾಗಿತ್ತು. ನೆರೆ ಇಳಿದ ಊರಿನ ಅಂಗಳಗಳಲ್ಲೆಲ್ಲ ನೆನೆದ ಕಾಳು, ಹಾಸಿಗೆ, ಮಂಚ ಒಣಗುತ್ತಿದ್ದವು. ಬಡಗಿ ಜಗಲಿಯಲ್ಲಿ ಕೂತು ಯಾರದೋ ಮನೆಯ ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದ. ಊರಿಗೆಲ್ಲ ಬಾಗಿಲು ಕೂರಿಸುವವನ ಸ್ವಂತ ಮನೆಯ ಹಿಂಗೋಣೆಯ ಗೋಡೆ ಮಾತ್ರ, ಬಸ್ಸಿನಲ್ಲಿ ಪಕ್ಕದವನ ಹೆಗಲಿಗೆ ತೂಕಡಿಸುವ ಪ್ರಯಾಣಿಕನಂತೆ ಹೊರಕ್ಕೆ ವಾಲಿತ್ತು.

"ನಾಳಿದ್ದು ಮಗಳು ಎಳೆಮಗು ಎತ್ಕೊಂಡು ಬರ್ತಾಳೆ. ಆ ಗೋಡೆ ಪಕ್ಕ ಮಲಗಿಸಲಾ?" ಎಂದಳು ಹೆಂಡತಿ. "ಗೋಡೆ ನೆಟ್ಟಗಾಗದಿದ್ರೆ ನಾನೇ ಅವಳ ಮನೆಗೆ ಹೋಗ್ತೀನಿ. ನೀವು ಗೋಡೆ ಜೊತೆ ಸಂಸಾರ ಮಾಡ್ಕೊಂಡಿರಿ."

"ಇವತ್ತು ಗುದ್ದಲಿ ಸೈನ್ಯ ಬರುತ್ತಂತಲ್ಲ, ನೋಡೋಣ."

ಸರ್ಕಾರ ಆ ವರ್ಷವಷ್ಟೇ ಹುಟ್ಟುಹಾಕಿದ್ದ ದಳ ಅದು. ಸೈನ್ಯದ ಹಾಗೇ ಸಮವಸ್ತ್ರ, ಕವಾಯತು ಎಲ್ಲವೂ ಇತ್ತು; ಬಂದೂಕೊಂದಿರಲಿಲ್ಲ. ನೆರೆ, ಬಿರುಗಾಳಿ ಹೊಡೆದ ಕಡೆ ಹೋಗಿ ಜನರನ್ನು ಕಾಪಾಡುವುದು, ಮನೆ ಕಟ್ಟಿಕೊಡುವುದು ಅದರ ಕೆಲಸ. "ಬಂದೂಕಿಲ್ಲದ ಸೈನ್ಯವಂತೆ, ಹಲ್ಲಿಲ್ಲದ ನಾಯಿ ಹಾಗೆ" ಎಂದು ಎದುರುಮನೆ ಅಜ್ಜಿ ತನ್ನ ಬೊಚ್ಚುಬಾಯಲ್ಲೇ ನಕ್ಕಿದ್ದಳು. ಪಕ್ಕದೂರಿನ ಶಾಲೆಯನ್ನು ಅವರು ವಾರದೊಳಗೆ ಎಬ್ಬಿಸಿ ನಿಲ್ಲಿಸಿದ್ದು ಕೇಳಿದ ಮೇಲೆ, ತನ್ನ ಕೋಳಿಗೂಡನ್ನೂ ತೋರಿಸಲು ಕಾಯುತ್ತಿದ್ದಳು.

ಬೇಲಿಯಾಚೆ ಎಲ್ಲಬಲ್ಲನ ತಲೆ ಮೇಲೆದ್ದಿತು. ಊರವರು ಹಾಗೆ ಕರೆಯುತ್ತಿದ್ದ ಪಕ್ಕದ ಮನೆಯವನು ಅವನು; ತನಗೆ ತಿಳಿಯದ ವಿಷಯವೊಂದು ಅವನಿಗೆ ಈವರೆಗೆ ಎದುರಾಗಿರಲಿಲ್ಲ.

"ತಮ್ಮಾ, ಅವರು ಕಟ್ಟೋದು ಬಿದ್ದ ಗೋಡೆ ಮಾತ್ರ. ವಾಲಿದ್ದನ್ನ ತಿರುಗಿಯೂ ನೋಡಲ್ಲ."

"ಮತ್ತೇನಣ್ಣಾ ಮಾಡೋದು?"

"ಬೀಳಿಸು! ನಂದೂ ಒಂದು ವಾಲಿದೆಯಲ್ಲ. ಈಗ ನಿಂದು ಕೆಡವೋಣ, ಊಟ ಆದ್ಮೇಲೆ ನಂದು. ಮುಯ್ಯಿಗೆ ಮುಯ್ಯಿ. ಇವತ್ತು ನಾನು ನಿನಗೆ ದುಡಿದಷ್ಟು ನೀನು ನನಗೆ ದುಡಿಯಬೇಕು."

ಬಡಗಿ ಒಪ್ಪಿದ. ಕೋಣೆ ಖಾಲಿ ಮಾಡಿ ಇಬ್ಬರೂ ಒಳಗಿನಿಂದ ಭುಜ ಕೊಟ್ಟರು. ಗೋಡೆ ಅಲುಗಲಿಲ್ಲ, ಬಡಗಿಯ ಸೊಂಟ ಅಲುಗಿತು. ಹಾರೆ ಹಾಕಿದರು, ಒಂದು ಹಿಡಿ ಮಣ್ಣು ಉದುರಿತು.

"ಇಷ್ಟು ವರ್ಷ ಬೀಳ್ತೀನಿ ಬೀಳ್ತೀನಿ ಅಂತ ಹೆದರಿಸ್ತಿತ್ತು. ಬೀಳು ಅಂದ್ರೆ ಈಗ ಬಿಗುಮಾನ!" ಎಂದಳು ನೋಡಲು ಬಂದಿದ್ದ ಅಜ್ಜಿ.

ಎಲ್ಲಬಲ್ಲ ತನ್ನ ಎಮ್ಮೆಯನ್ನು ತಂದ. ಕಿಟಕಿಗೆ ಹಗ್ಗ ಬಿಗಿದು ಎಳೆಸಿದರೆ, ಕಿಟಕಿಯಷ್ಟೇ ಕಿತ್ತುಕೊಂಡು ಎಮ್ಮೆಯ ಹಿಂದೆ ಹೊರಟಿತು. ಎಮ್ಮೆ ಅಂಗಳದ ಕಾಳನ್ನೆಲ್ಲ ತುಳಿದು, ಒಣಹಾಕಿದ್ದ ಸೀರೆಯೊಂದನ್ನು ಕೊಂಬಿಗೆ ಸುತ್ತಿಕೊಂಡು ಮನೆಗೆ ಎರಡು ಸುತ್ತು ಬಂತು. ಬಡಗಿ ಸೋತು ತಲೆಮೇಲೆ ಕೈಹೊತ್ತು ಕೂತ. ಎಮ್ಮೆಯೂ ದಣಿದು ನಿಂತಿತು. ನಿಂತದ್ದು, ಕೆರೆತ ತಡೆಯದೆ ಗೋಡೆಯ ಮೂಲೆಗೆ ಒಮ್ಮೆ ಬೆನ್ನು ಉಜ್ಜಿತು.

ಧಡಾರ್!

ಗೋಡೆ ಕೋಣೆಯ ಅರ್ಧ ಹೆಂಚನ್ನೂ ಕರೆದುಕೊಂಡು ಮಲಗಿತು. ಎಮ್ಮೆ ಅಷ್ಟರಲ್ಲಿ ಬೇಲಿ ದಾಟಿತ್ತು. ಧೂಳಿನಲ್ಲಿ ಬಡಗಿಯೂ ಎಲ್ಲಬಲ್ಲನೂ ಹಿಟ್ಟಿನ ಗಿರಣಿಯಿಂದ ಎದ್ದುಬಂದವರಂತೆ ಕಂಡರು.

ಮೈ ತೊಳೆದುಕೊಳ್ಳುವಷ್ಟರಲ್ಲೇ ಹೆಗಲಮೇಲೆ ಗುದ್ದಲಿ ಹೊತ್ತ ದಳ ಬೀದಿಗೆ ಬಂತು. ಮುಂದೆ ದಳಪತಿ, ಮಗಳ ವಯಸ್ಸಿನ ಹುಡುಗಿ. ಬಡಗಿ ಆದಷ್ಟು ಸಪ್ಪೆ ಮುಖ ಮಾಡಿಕೊಂಡು ನಿಂತ. ಯಾರೂ ಕೇಳದಿದ್ದರೂ ಅಜ್ಜಿ, "ಅಯ್ಯೋ, ಚಿನ್ನದಂಥ ಗೋಡೆ ಹೋಯ್ತಲ್ಲೋ!" ಎಂದು ರಾಗ ತೆಗೆದಳು.

ದಳಪತಿ ಬಿದ್ದ ಗೋಡೆಯನ್ನು ನೋಡಿ ನಿಟ್ಟುಸಿರಿಟ್ಟಳು.

"ಛೇ! ಊರಲ್ಲೆಲ್ಲ ಇದೇ ಹೆಚ್ಚು ವಾಲಿರೋದು ಅಂತ ಮೊದಲು ಇಲ್ಲಿಗೇ ಬಂದೆವು, ಯಜಮಾನರೇ. ಬಿದ್ದ ಗೋಡೆ ಇನ್ನು ಯಾರ ಮೇಲೂ ಬೀಳಲ್ಲ ನೋಡಿ. ಹಾಗಾಗಿ ಈ ಸಲ ವಾಲಿದವು ಮಾತ್ರ. ಬಿದ್ದವನ್ನ ಬೇಸಿಗೇಲಿ ಬಂದು ಕಟ್ತೀವಿ. ಇಲ್ಲಿ ವಾಲಿರೋದು ಬೇರೆ ಯಾವುದಾದ್ರೂ ಇದೆಯಾ?"

"ಇದೆ, ತಾಯಿ, ಇದೆ!" ಎಂದ ಎಲ್ಲಬಲ್ಲ, ಬಡಗಿಯ ಕಡೆ ನೋಡದೆ. ಆಮೇಲೆ ಮೆಲ್ಲಗೆ, "ತಮ್ಮಾ, ಮಗಳೂ ಮಗೂ ನಮ್ಮನೇಲೇ ಮಲಗ್ಲಿ ಬಿಡು. ತಂಗೀನೂ ಬರ್ಲಿ" ಎಂದ, ಬಡಗಿಯ ಹೆಂಡತಿಯನ್ನು ತೋರಿಸಿ.

"ನಾನು?"

"ನೀವು ಹಿಂಗೋಣೇಲೇ ಮಲಗಿ," ಎಂದಳು ಹೆಂಡತಿ, "ಗಾಳಿ ಚೆನ್ನಾಗಿ ಬರುತ್ತೆ."

ಮಧ್ಯಾಹ್ನವೆಲ್ಲ ದಳದವರು ಹಾಡು ಹೇಳುತ್ತ ಎಲ್ಲಬಲ್ಲನ ಗೋಡೆಯನ್ನು ಬಿಚ್ಚಿ ನೆಟ್ಟಗೆ ಕಟ್ಟಿದರು. ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಅವರ ಸಾಲಿನಲ್ಲಿ ಇಟ್ಟಿಗೆ ಹೊರುತ್ತಿದ್ದ ಬಡಗಿಯನ್ನು ಕಂಡು ದಳಪತಿಗೆ ಮನಸ್ಸು ತುಂಬಿ ಬಂತು.

"ನಿಮ್ಮ ಮನೆ ಗೋಡೆಯೇ ಬಿದ್ದಿದ್ರೂ ಪಕ್ಕದ ಮನೆಗೆ ದುಡೀತಿದ್ದೀರಿ. ಎಷ್ಟು ದೊಡ್ಡ ಮನಸ್ಸು, ಯಜಮಾನರೇ!"

"ಮನಸ್ಸಲ್ಲಮ್ಮಾ, ಮುಯ್ಯಿ," ಎಂದ ಬಡಗಿ ಇನ್ನೊಂದು ಇಟ್ಟಿಗೆ ಎತ್ತಿಕೊಡುತ್ತ. "ಬೆಳಿಗ್ಗೆ ನನ್ನ ಗೋಡೆ ಬೀಳಿಸೋಕೆ ಅಣ್ಣ ಬಂದಿದ್ನಲ್ಲ, ಅದನ್ನ ತೀರಿಸ್ತಿದ್ದೀನಿ."